ತಿಮಿಂಗಿಲ ನೋಡಲು ಎಂಟು ಸೀಟು

ನಾನು ತಿಮಿಂಗಿಲವನ್ನು ನೋಡಿದ್ದೇನೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದೇನೆ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲ್ಲಿನ ಗೆಳೆಯರೆದುರು ಅದರ ಉದ್ದ ಎರಡು ಬಸ್ಸಿನಷ್ಟು ಎಂದದ್ದೂ ಉಂಟು. ಆಮೇಲೆ ಯಾವಾಗಲೋ ಅನುಮಾನ ಶುರುವಾಯಿತು. ನೆನಪಿನಲ್ಲಿ ನನಗೆ ಆರು ವರ್ಷ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ತದಡಿಗೆ ದಾಟುವ ದೋಣಿಯಲ್ಲಿ ಕೂತಿದ್ದೇನೆ. ಆದರೆ ಆ ದೃಶ್ಯವನ್ನು ನಾನು ನೋಡುವುದು ಮೇಲಿನಿಂದ: ದೋಣಿ, ಅದರಲ್ಲಿ ನಾನು, ಪಕ್ಕದಲ್ಲಿ ಒಂದು ದೊಡ್ಡ ಬೆನ್ನು. ದೋಣಿಯಲ್ಲಿ ಕೂತವನಿಗೆ ತನ್ನ ನೆತ್ತಿ ಕಾಣುವುದಿಲ್ಲ. ಹಾಗಾಗಿ ಇದರಲ್ಲಿ ಅರ್ಧವಾದರೂ ಟಿ.ವಿ.ಯಿಂದ ಬಂದದ್ದಿರಬೇಕು.

ಆ ದಿನ ನನ್ನ ಜೊತೆಗಿದ್ದವಳು ಚಿಕ್ಕಮ್ಮ. ಮದುವೆಯಾಗಿ ಘಟ್ಟದ ಮೇಲಿನ ತ್ಯಾಗಲಿಯ ನಮ್ಮ ಮನೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಗೋಕರ್ಣದ ಕಡೆ ಕೊಟ್ಟಿದ್ದ ನನ್ನ ಅತ್ತೆ ಆಗ ಏಳು ತಿಂಗಳ ಬಸುರಿ. ಮಗಳ ಉಡಿ ತುಂಬಲು ಸೀರೆ, ಅಕ್ಕಿ, ಕಾಯಿ ಕಟ್ಟಿ ಅಜ್ಜಿ ಸೊಸೆಯ ಕೈಯಲ್ಲಿ ಕಳಿಸಿದ್ದಳು. ಹೊಸ ಸೊಸೆ ಒಬ್ಬಳೇ ಹೋಗಬಾರದೆಂದು ಜೊತೆಗೊಬ್ಬ ಗಂಡಸು ಬೇಕಾಯಿತು. ಆ ಗಂಡಸು ನಾನು. ವಾಪಸು ಬಂದ ಚಿಕ್ಕಮ್ಮ ಅಳಿವೆಯಲ್ಲಿ ತಿಮಿಂಗಿಲ ಕಂಡೆ ಎಂದಳು. ಯಾರೂ ನಂಬಲಿಲ್ಲ. ನನ್ನನ್ನು ಕೇಳಿದರೆ ನಾನು ಬಾಗಿಲ ಹಿಂದೆ ನಿಂತು ಬಾಯೇ ಬಿಡಲಿಲ್ಲವಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ತಿಮಿಂಗಿಲ ಎಂದರೆ ಸುಳ್ಳು. ಹಾಲು ಉಕ್ಕಿ ಚೆಲ್ಲಿದ್ದಕ್ಕೆ ಚಿಕ್ಕಮ್ಮ ಬೆಕ್ಕಿನ ಮೇಲೆ ಹೇಳಿದರೆ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ ಕೇಳುತ್ತಾನೆ, "ಬೆಕ್ಕೋ, ತಿಮಿಂಗಿಲ ಬಂದಿತ್ತನೇ?" ನಲವತ್ತು ವರ್ಷಗಳಿಂದ ಇದೇ ಮಾತು. ಅವಳು ನಗುತ್ತಾಳೆ. ಆ ನಗೆ ನಿಜವೆಂದೇ ನಾನು ತಿಳಿದಿದ್ದೆ.

ಈ ಚಳಿಗಾಲ, ನಾನೀಗ ಇರುವ ಶಿರಸಿಯಲ್ಲಿ, ನನ್ನ ಪರಿಚಯದ ಟೆಂಪೋ ಮಾಲೀಕನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅವನ ಭಾವ ದಿನಾ ತದಡಿಯಿಂದ ಶಿರಸಿಗೆ ಮೀನು ತರುವ ಗಾಡಿ ಓಡಿಸುತ್ತಾನೆ. ಬಂದರಿನಲ್ಲಿ ಯಾರೋ ಅವನಿಗೆ ಕಳಿಸಿದ್ದು. ಅಲುಗಾಡುವ ಚಿತ್ರ, ಕೊಂಕಣಿಯಲ್ಲಿ ಕೂಗಾಟ, ನೀರಿನ ಮೇಲೆ ಒಂದು ಕ್ಷಣ ಬೂದು ಬೆನ್ನು. ಎಲ್ಲಿಯದು, ಯಾವಾಗಿನದು ಯಾರಿಗೂ ತಿಳಿಯದು. ಆದರೂ ಚಿಕ್ಕಮ್ಮನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು ಬಂತು.

"ತಮಾ, ಯಾವಾಗ ಹೋಪದು?"

ಅಷ್ಟೇ. ಅಂದು ಸಂಜೆಯೊಳಗೆ 'ತಿಮಿಂಗಿಲ' ಎಂಬ ಹೆಸರಿನ ವಾಟ್ಸ್ಯಾಪ್ ಗುಂಪು, ಅದರಲ್ಲಿ ಎಂಟು ಜನ, ಹೋಗಲು ಆ ಮಾಲೀಕನದೇ ಟೆಂಪೋ. ನಾನು ಸಾಲ ತಂದ ದುರ್ಬೀನಿನಲ್ಲಿ ಎದುರು ಮನೆಯ ಟೆರೇಸಿನ ಮೆಣಸಿನಕಾಯಿ ಎಣಿಸತೊಡಗಿದೆ. ಕಡಲಿನ ನಕ್ಷೆ ತೆಗೆದೆ, ಯಾವ ತಿಂಗಳು ಗಾಳಿ ಕಡಿಮೆ ಎಂದು ಓದಿದೆ, ನಿದ್ದೆ ಬಿಟ್ಟೆ. ತಿಮಿಂಗಿಲಗಳು ಸಾಮಾನ್ಯವಾಗಿ ಆಳ ಕಡಲಿನಲ್ಲಿರುತ್ತವೆ, ಅಳಿವೆಯ ಸಪ್ಪೆ ನೀರಿನತ್ತ ಬರುವುದು ಅಪರೂಪ ಎಂದು ನನಗೆ ನಾನೇ ದಿನಕ್ಕೆ ಮೂರು ಸಲ ಹೇಳಿಕೊಂಡೆ. ಹೇಳಿಕೊಂಡಷ್ಟೂ ಹೋಗಬೇಕು ಎನ್ನಿಸುತ್ತಿತ್ತು.

ದಿನ ಗೊತ್ತು ಮಾಡಿದ್ದು ಚಿಕ್ಕಮ್ಮ. ಏಕಾದಶಿ. ಕಾರಣ ಸರಳ. ಅಂದು ಮನೆಯಲ್ಲಿ ಉಪವಾಸ, ಅಡುಗೆಯ ರಗಳೆ ಇಲ್ಲ, ಬುತ್ತಿ ಕಟ್ಟುವ ಕೆಲಸವಿಲ್ಲ, ಅವಲಕ್ಕಿ ಬಾಳೆಹಣ್ಣು ಒಯ್ದರೆ ಆಯಿತು. ಘಟ್ಟದ ಮೇಲಿನ ನಮಗೆಲ್ಲ ಅದು ಬಹಳ ಜಾಣತನದ ಲೆಕ್ಕವಾಗಿ ಕಂಡಿತು. ತದಡಿಯ ದೋಣಿಯವನೊಬ್ಬನಿಗೆ ಫೋನು ಮಾಡಿ, ಏಕಾದಶಿಯ ದಿನ ಮಧ್ಯಾಹ್ನದ ಹೊತ್ತಿಗೆ ಬರುತ್ತೇವೆ ಎಂದೆ. ಅವನು ಬಹಳ ಹೊತ್ತು ನಕ್ಕ.

"ಸ್ವಾಮಿ, ಏಕಾದಶಿಗೆ ನಮ್ಮಲ್ಲಿ ನೀರೂ ಉಪವಾಸ ಮಾಡ್ತದೆ. ನೀವು ಬರೂ ಹೊತ್ತಿಗೆ ಇಳಿತ. ದೋಣಿ ಕೆಸರಲ್ಲಿ ಕೂತಿರ್ತದೆ, ನೀವು ದೋಣಿಯಲ್ಲಿ ಕೂತು ಏಡಿ ನೋಡ್ಬೇಕು."

"ಹಾಗಾದರೆ ಯಾವಾಗ?"

"ಹುಣ್ಣಿಮೆಗೆ ಬನ್ನಿ. ಹನ್ನೊಂದರ ಸುಮಾರಿಗೆ ಅಳಿವೆ ತುಂಬಿರ್ತದೆ. ತಿಮಿಂಗಿಲದ ಮಾತು ಮಾತ್ರ ನಾ ಕೊಡೂದಿಲ್ಲ. ಡಾಲ್ಫಿನ್ ಕಂಡ್ರೂ ನಿಮ್ಮ ಪುಣ್ಯ."

ಹುಣ್ಣಿಮೆ ಎಂದು ತಿಳಿಸಿದಾಗ ಚಿಕ್ಕಮ್ಮ, "ಅವತ್ತೂ ನೀರು ತುಂಬಿತ್ತು" ಎಂದಳು. ಹಾಗೆಯೇ ಮುಂದುವರಿಸಿದಳು: "ನಿನ್ನ ಚಿಕ್ಕಪ್ಪ ಬತ್ನಿಲ್ಲೆ ಹೇಳ್ತ. ಇಲ್ಲದ್ದನ್ನ ನೋಡಲೆ ಆನು ಎಂತಕ್ಕೆ ಬರಕ್ಕು ಹೇಳಿ. ನೀ ಒಂದ್ಸಲ ಅವನ ಎದುರಿಗೆ ಹೇಳು. ನೀನೂ ನೋಡಿದ್ದು ಹೌದು ಹೇಳಿ. ಅಷ್ಟು ಸಾಕು."

ನಾನು ದುರ್ಬೀನಿನ ಗಾಜು ಒರೆಸತೊಡಗಿದೆ.

"ನಿಂಗೆ ನೆನಪಿಲ್ಯಾ?"

ನೆನಪಿದೆ, ಆದರೆ ಆ ನೆನಪು ನನ್ನದೇ ಎಂದು ಹೇಗೆ ಹೇಳಲಿ? ನಿನ್ನ ಮಾತು ಕೇಳಿ ಕೇಳಿ ಹುಟ್ಟಿದ್ದಿರಬಹುದು. ಹೀಗೆ ಏನೋ ವಿವರಿಸಿದೆ. ಆ ಕಡೆಯಿಂದ, "ಕಲ್ತಿದ್ದು ಹೆಚ್ಚಾತು ನಿಂಗೆ" ಎಂದು ಕೇಳಿಸಿತು. ಫೋನು ಕಟ್ಟಾಯಿತು. ಆಗ ನನಗೆ ತಿಳಿಯಿತು, ನಲವತ್ತು ವರ್ಷ ಅವಳು ನಕ್ಕದ್ದು ನಗೆಯಲ್ಲ. ಈ ಪ್ರವಾಸ ಅವಳಿಗೆ ತಿಮಿಂಗಿಲ ನೋಡುವ ಪ್ರವಾಸವೂ ಅಲ್ಲ. ಗಂಡ ಒಮ್ಮೆ ಟೆಂಪೋ ಹತ್ತಿ ಬಂದರೆ ಸಾಕಿತ್ತು.

ಸುಳ್ಳು ಸಾಕ್ಷಿ ಹೇಳಲು ಮನಸ್ಸಾಗಲಿಲ್ಲ. ಅದಕ್ಕೊಂದು ಪರೀಕ್ಷೆ ಹೂಡಿದೆ. ಇಬ್ಬರೂ ಬೇರೆ ಬೇರೆ ಕೂತು ಆ ದಿನದ್ದೆಲ್ಲ ಬರೆಯಬೇಕು. ಯಾರಿಗೂ ಎಂದೂ ಹೇಳದ್ದನ್ನೂ ಬರೆಯಬೇಕು, ಯಾಕೆಂದರೆ ಹೇಳಿದ್ದನ್ನು ನಾನು ಕೇಳಿರುತ್ತೇನೆ. ಬರೆದದ್ದನ್ನು ಲಕೋಟೆಯಲ್ಲಿ ಅಂಟಿಸಿ ಟೆಂಪೋ ಮಾಲೀಕನ ಕೈಗೆ ಕೊಡುವುದು. ಅವನು ಮನೆಯವನಲ್ಲ, ಯಾರ ಪಕ್ಷವೂ ಅಲ್ಲ. ಚಿಕ್ಕಮ್ಮ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಹಳೆಯ ಮದುವೆ ಕಾಗದದ ಲಕೋಟೆಯೊಂದು ಅವನಿಗೆ ತಲುಪಿತು. ಎರಡನ್ನೂ ಅವನು ಗಾಡಿಯ ಕಾಗದಪತ್ರಗಳ ಜೊತೆ ಇಟ್ಟುಕೊಂಡು ಒಂದು ವಾರ ಊರೂರು ತಿರುಗಿದ. "ಯಲ್ಲಾಪುರದಲ್ಲಿ ಪೊಲೀಸರು ನಿಲ್ಸಿ ಗಾಡಿ ಕಾಗದ ಕೇಳಿದ್ರು ಸಾರ್. ಇದನ್ನೇ ತೋರ್ಸೋಣ ಅನ್ಕೊಂಡೆ" ಎಂದ.

ಒಂದು ಭಾನುವಾರ ಬೆಳಿಗ್ಗೆ ಅವನೂ ನಾನೂ ತ್ಯಾಗಲಿಗೆ ಹೋದೆವು. ಚಿಕ್ಕಪ್ಪ ಜಗುಲಿಯಲ್ಲಿ ಪೇಪರು ಹಿಡಿದಿದ್ದ. ಮೊದಲು ದಾರಿಯ ಮಾತಾಯಿತು. ದೇವಿಮನೆ ಘಟ್ಟವೋ ದೊಡ್ಮನೆ ಘಟ್ಟವೋ, ಯಾರಿಗೆ ವಾಂತಿಯಾಗುತ್ತದೆ, ಯಾರು ಮುಂದೆ ಕೂರಬೇಕು. ನಂತರ ಟೆಂಪೋ ಮಾಲೀಕ ಕನ್ನಡಕ ಹಾಕಿಕೊಂಡು ನನ್ನ ಲಕೋಟೆ ಒಡೆದ.

ನಾನು ಬರೆದದ್ದು: ಬೆನ್ನು ಬೂದು. ಎಡಗಡೆ ಎದ್ದಿತು. ಕುಕ್ಕರಿನಿಂದ ಬರುವಂಥ ಉಸಿರು. ದೋಣಿಯಲ್ಲಿ ತುಂಬ ಜನ. ಕೊನೆಯ ಸಾಲಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ: ದೋಣಿಯವನು ಬಗ್ಗಿ ನೀರಿನ ಮೇಲೆ ಒಂದು ತೆಂಗಿನಕಾಯಿ ಇಟ್ಟ, ಎಸೆಯಲಿಲ್ಲ, ಮಗುವನ್ನು ಮಲಗಿಸಿದ ಹಾಗೆ ಇಟ್ಟ, ಇದು ಬೇರೆ ಯಾವುದೋ ದಿನದ್ದಿರಬಹುದು.

ಚಿಕ್ಕಮ್ಮನ ಕಾಗದದಲ್ಲಿ ಬೆನ್ನು ಕಪ್ಪು. ಬಲಗಡೆ. ಉಸಿರಿನ ಮಾತೇ ಇಲ್ಲ. ದೋಣಿಯಲ್ಲಿ ನಾಲ್ಕೇ ಜನ. ಒಂದೂ ತಾಳೆಯಾಗಲಿಲ್ಲ. ಚಿಕ್ಕಪ್ಪ ಪೇಪರು ತಿರುವಿದ. ಅಷ್ಟರಲ್ಲಿ ಓದುವವನು ನಿಲ್ಲಿಸಿದ.

"ಅಮ್ಮಾ, ಇದನ್ನೂ ಓದ್ಲಾ?"

ಚಿಕ್ಕಮ್ಮ ಕಂಬ ಹಿಡಿದು ನಿಂತಿದ್ದಳು. "ಓದು. ಅತ್ತೆ ಈಗ ಇಲ್ಲೆ ಅಲ್ದಾ." ಅವಳ ಅತ್ತೆ, ಎಂದರೆ ನನ್ನ ಅಜ್ಜಿ, ತೀರಿಹೋಗಿ ವರ್ಷಗಳಾಗಿದ್ದವು.

ಅವನು ಅವಳು ಬರೆದದ್ದನ್ನು ನಿಧಾನವಾಗಿ ಓದಿದ: ದೋಣಿಯವನು ಕೈ ಮುಗಿದು, ಯಾರ ಹತ್ತಿರವಾದರೂ ಕಾಯಿ ಇದೆಯಾ ಎಂದ. ನನ್ನ ಚೀಲದಲ್ಲಿ ಇತ್ತು. ಉಡಿಗೆ ಕಳಿಸಿದ್ದು. ಹೆದರಿಕೆಯಲ್ಲಿ ಕೊಟ್ಟುಬಿಟ್ಟೆ. ಅವನು ಅದನ್ನು ನೀರಿಗೆ ಬಿಟ್ಟ. ಗೋಕರ್ಣದಲ್ಲಿ ಅಂಗಡಿಯಿಂದ ಬೇರೆ ತೆಗೆದುಕೊಂಡು ಉಡಿಯಲ್ಲಿಟ್ಟೆ. ಯಾರಿಗೂ ಹೇಳಬೇಡ ಎಂದು ಹುಡುಗನ ಹತ್ತಿರ ಆಣೆ ಹಾಕಿಸಿದೆ.

ಬಸುರಿಯ ಉಡಿಗೆಂದು ತವರಿನ ಮರದಿಂದ ಇಳಿಸಿದ ಕಾಯಿ ಬೇರೆ ಯಾರಿಗೋ ಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ನಾನು ಬಾಗಿಲ ಹಿಂದೆ ಯಾಕೆ ಬಾಯಿ ಬಿಡಲಿಲ್ಲವೆಂದು ನನಗೂ ಅಂದೇ ತಿಳಿದದ್ದು. ಕಾಯಿಯ ಗುಟ್ಟು ಉಳಿಸಲು ಹೋಗಿ ತಿಮಿಂಗಿಲವನ್ನು ಬಿಟ್ಟುಕೊಟ್ಟಿದ್ದೆವು.

ಚಿಕ್ಕಪ್ಪ ಪೇಪರು ಮಡಿಸಿದ. "ಯಾವ ಕಾಯೇ ಅದು? ಬಾವಿ ಕಟ್ಟೆ ಮರದ್ದಾ?"

"ಹೌದು."

"ಮಂಗನ ಬಾಯಿಂದ ಉಳಿಸಿದ ಕಾಯಿ." ಅವನು ಹೆಂಡತಿಯನ್ನು ನೋಡಿದ. ಅವಳು ತಲೆ ತಗ್ಗಿಸಲಿಲ್ಲ. "ಸುಳ್ಳು ಹೇಳವಕ್ಕೆ ಇದನ್ನ ಬರೆಯ ಕೆಲಸ ಇತ್ತಿಲ್ಲೆ" ಎಂದು ತನಗೇ ಹೇಳಿಕೊಂಡ. ನಂತರ ಟೆಂಪೋ ಮಾಲೀಕನ ಕಡೆ ತಿರುಗಿ, "ಎಷ್ಟು ಸೀಟು ಹೇಳಿದ್ದ ಇವ?"

"ಎಂಟು."

"ಒಂಬತ್ತು ಮಾಡು. ಆನೂ ಬರ್ತೆ. ಕಿಟಕಿ ಬದಿಗೆ."

ಚಿಕ್ಕಮ್ಮ ಚಹಾ ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಚಹಾಕ್ಕೆ ಸಕ್ಕರೆ ಎರಡು ಸಲ ಬಿದ್ದಿತ್ತು. ಬೆಕ್ಕಿನ ಮಾತು ಯಾರೂ ಎತ್ತಲಿಲ್ಲ.

ಶಿರಸಿಗೆ ವಾಪಸಾಗುವಾಗ ನನ್ನ ತಲೆ ಸುಮ್ಮನಿರಲಿಲ್ಲ. ಕಾಯಿ ಇಬ್ಬರ ಕಾಗದದಲ್ಲೂ ಇದ್ದರೆ ಕಾಯಿ ನಿಜ. ತಿಮಿಂಗಿಲವೋ, ದೊಡ್ಡ ಡಾಲ್ಫಿನ್ನೋ, ಅದು ಇನ್ನೂ ಗೊತ್ತಿಲ್ಲ. ಹಾಗೆಂದು ಹೇಳಿದ್ದಕ್ಕೆ ಟೆಂಪೋ ಮಾಲೀಕ, "ಸಾರ್, ನೀವು ಸ್ವರ್ಗಕ್ಕೆ ಹೋದ್ರೂ ಅಡ್ರೆಸ್ ಪ್ರೂಫ್ ಕೇಳ್ತೀರಿ" ಎಂದ. ಆದರೂ ಗಾಡಿಯ ಹಾರ್ನನ್ನು ಕಾರಣವಿಲ್ಲದೆ ಎರಡು ಸಲ ಬಾರಿಸಿದವನು ಅವನೇ. ಹುಣ್ಣಿಮೆಗೆ ಇನ್ನು ಹನ್ನೆರಡು ದಿನವಿತ್ತು.

ಮರುದಿನ ಗೋಕರ್ಣದ ಅತ್ತೆಗೆ ಫೋನು ಮಾಡಿದೆ. ಕಾಗದದ ಸುದ್ದಿ ಅವಳಿಗೆ ಇನ್ನೂ ಮುಟ್ಟಿರಲಿಲ್ಲ. ಕಾಯಿಯ ಹೆಸರೆತ್ತದೆ, ಆ ಸಲ ತವರಿನಿಂದ ಉಡಿಗೆ ಏನೇನು ಬಂದಿತ್ತು ಎಂದಷ್ಟೇ ಕೇಳಿದೆ. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಹಸಿರು ಸೀರೆ, ರವಿಕೆ ಕಣ, ಅಕ್ಕಿ. ಎಲ್ಲ ಬಂತು. ಕಾಯಿ ಒಂದು ನಮ್ಮನೆ ಮರದ್ದಲ್ಲ. ನಮ್ಮನೆ ಕಾಯಿ ಉದ್ದ, ಅದು ಗುಂಡಗಿತ್ತು. ಆಯಿ ಮಗಳಿಗೆ ಅಂಗಡಿ ಕಾಯಿ ಕಳಿಸ್ತು ಹೇಳಿ ಇಷ್ಟು ವರ್ಷ ಆನು ಯಾರಿಗೂ ಹೇಳಿದ್ನಿಲ್ಲೆ."