ಅವ್ವ ಕೊಡದ ಬೆಳ್ಳಿ ಚಮಚ

ನಮ್ಮ ಮನೆತನದಲ್ಲಿ ಆರು ಬೆಳ್ಳಿ ಚಮಚಗಳಿದ್ದವು. ಮುತ್ತಜ್ಜ ಬೈಲಹೊಂಗಲದಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ. ಒಮ್ಮೆ ಬೆಳಗಾವಿಗೆ ಹೋದಾಗ ಅಲ್ಲೊಬ್ಬ ಇಂಗ್ಲಿಷ್ ಸಾಹೇಬ ವಿಲಾಯತಿಗೆ ಹೊರಟಿದ್ದನಂತೆ, ಅವನ ಸಾಮಾನಿನ ಲಿಲಾವು ನಡೆದಿತ್ತಂತೆ. ಕುದುರೆ ಕೊಳ್ಳಲು ಹೋದ ಮುತ್ತಜ್ಜ ಚಮಚ ಕೊಂಡು ಬಂದ. ಉದ್ದನೆಯ ಹಿಡಿಕೆ, ಹಿಡಿಕೆಯ ಹಿಂಬದಿಗೆ ಜೋಳದ ಕಾಳಿನಷ್ಟು ಚಿಕ್ಕ ಸಿಂಹದ ಮುದ್ರೆ. ಮಾಂಸ ತಿಂದವರ ಬಾಯಿಗೆ ಹೋಗಿಬಂದ ಚಮಚ ಅಡುಗೆಮನೆಗೆ ಬಂದರೆ ತಾನು ತವರಿಗೆ ಹೋಗುತ್ತೇನೆ ಎಂದು ಮುತ್ತಜ್ಜಿ ಹಟ ಹಿಡಿದಳು. ಒಂಬತ್ತು ದಿನ ಕುಳ್ಳಿನ ಬೂದಿಯಲ್ಲಿ ಹೂತಿಟ್ಟು, ಕುದಿಯುವ ನೀರಲ್ಲಿ ತೊಳೆದ ಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ದೊಡ್ಡವರು ಇದರಲ್ಲಿ ಉಣ್ಣಬಾರದು, ಕೂಸಿನ ಬಾಯಿಗೆ ಮಾತ್ರ ಯಾವ ಮೈಲಿಗೆಯೂ ಇಲ್ಲ.

ಹೀಗೆ ಸಾಹೇಬನ ಊಟದ ಚಮಚಗಳು ನಮ್ಮ ಮನೆಯ ಕೂಸುಗಳಿಗೆ ನುಚ್ಚು ಉಣಿಸತೊಡಗಿದವು. ಕ್ರಮೇಣ ಅದಕ್ಕೊಂದು ರೂಢಿಯೂ ಹುಟ್ಟಿತು. ಚೊಚ್ಚಲ ಬಾಣಂತನ ಮುಗಿಸಿ ಮಗಳು ಕೂಸಿನೊಡನೆ ಗಂಡನ ಮನೆಗೆ ಹೊರಡುವ ದಿನ ಅವಳ ಉಡಿ ತುಂಬಿ, ಅದರಲ್ಲಿ ಒಂದು ಚಮಚ ಹಾಕಿ ಕಳಿಸುವುದು. ಇಬ್ಬರು ಸೋದರತ್ತೆಯರು ಹಾಗೆ ಒಯ್ದ ಎರಡು ಚಮಚ ಪತ್ತಾರನ ಬೆಂಕಿ ಕಂಡು ಕಾಲ್ಗೆಜ್ಜೆಯಾದವು. ನಮ್ಮ ಕಡೆ ಹಳೆ ಬೆಳ್ಳಿಯನ್ನು ಹಳೆಯದಾಗಿ ಇರಗೊಡುವವರು ಕಡಿಮೆ.

ಉಳಿದವು ನಾಲ್ಕು. ನಾವು ಅಕ್ಕತಂಗಿಯರೂ ನಾಲ್ವರು. ಮೊದಲನೆಯದು ಕಿತ್ತೂರಿಗೆ ಹೋಯಿತು, ಎರಡನೆಯದು ಸವದತ್ತಿಗೆ, ಮೂರನೆಯದು ರಾಮದುರ್ಗಕ್ಕೆ. ಅಕ್ಕಂದಿರು ಬಾಣಂತನಕ್ಕೆ ಬಂದಾಗ ಮನೆಯೆಲ್ಲ ಲೋಬಾನದ ಹೊಗೆ, ಅಂಟಿನುಂಡಿಯ ತುಪ್ಪದ ವಾಸನೆ. ಕೂಸು ಉಂಡು ಬಿಟ್ಟ ಚಮಚವನ್ನು ತೊಳೆಯುವ ನೆಪದಲ್ಲಿ ನಾನು ಹಿತ್ತಲಿಗೆ ಒಯ್ದು ನೆಕ್ಕುತ್ತಿದ್ದೆ. ಅಷ್ಟು ರುಚಿಯ ನುಚ್ಚನ್ನು ಆಮೇಲೆ ಎಲ್ಲಿಯೂ ಉಂಡಿಲ್ಲ. ಸವದತ್ತಿಯ ಭಾವ ತನ್ನ ಊರಿನ ಪತ್ತಾರನಿಗೆ ಚಮಚ ತೋರಿಸಿದನಂತೆ. ಅವನು ಒರೆಗೆ ಹಚ್ಚಿ, ತಾಮ್ರ ಬೆರೆತಿದೆ ಎಂದನಂತೆ. ಇಂಗ್ಲಿಷರು ನಿಮ್ಮಜ್ಜನಿಗೆ ಟೋಪಿ ಹಾಕಿದರು ಎಂದು ಭಾವ ವರ್ಷಗಟ್ಟಲೆ ಕಾಡಿದ. ಅವ್ವ ಜಗ್ಗುವವಳಲ್ಲ. ನಿಮ್ಮ ಮಗ ಅದರಲ್ಲೇ ಉಂಡು ಗುಂಡುಕಲ್ಲಿನಂತೆ ಆಗಿದ್ದಾನಲ್ಲ ಎನ್ನುತ್ತಿದ್ದಳು.

ನನ್ನನ್ನು ಬೈಲಹೊಂಗಲದಲ್ಲೇ, ತವರಿನಿಂದ ಎರಡು ಓಣಿ ಆಚೆ ಕೊಟ್ಟರು. ಸಾಲಿ ಮಾಸ್ತರಿಣಿಯಾದೆ, ಗಂಡ ಒಳ್ಳೆಯವನು. ಮಕ್ಕಳಾಗಲಿಲ್ಲ. ಹುಬ್ಬಳ್ಳಿಯ ಡಾಕ್ಟರು, ಗುಡ್ಡದ ಎಲ್ಲವ್ವನ ಹರಕೆ, ಎರಡೂ ಆಯಿತು. ನನ್ನ ಪಾಲಿನ ಚಮಚ ಅವ್ವನ ಟ್ರಂಕಿನಲ್ಲಿ ಒಂದು ಕುಪ್ಪಸದ ಖಣದೊಳಗೆ ಸುತ್ತಿಕೊಂಡು ಉಳಿಯಿತು. ಪ್ರತಿ ದೀಪಾವಳಿಗೆ ಅವಳು ಅದನ್ನು ಹೊರತೆಗೆದು ವಿಭೂತಿ ಹಚ್ಚಿ ತಿಕ್ಕುವಳು. ತಿಕ್ಕಿ ತಿಕ್ಕಿ ಸಿಂಹ ಸವೆದು ಬರೀ ಒಂದು ಉಬ್ಬು ಉಳಿದಿತ್ತು.

ನಲವತ್ತು ದಾಟಿದ ಮೇಲೆ ಒಂದು ದಿನ ಕೇಳಿಯೇ ಬಿಟ್ಟೆ, ನನ್ನದು ನನಗೆ ಕೊಡು ಎಂದು. ಅವ್ವ ಅಕ್ಕಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ.

"ಬರೇ ಉಡಿಲೆ ಒಯ್ಯಬಾರ್ದ, ತಂಗಿ."

ಕಪಾಳಕ್ಕೆ ಹೊಡೆದಂತಾಯಿತು. ನಾಲ್ಕು ತಿಂಗಳು ಆ ಓಣಿಗೆ ಕಾಲಿಡಲಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಬಂದದ್ದೂ ಅವಳಿಂದಲೇ. ಕೊಟ್ಟುಬಿಟ್ಟರೆ ನನಗೆ ಕೂಸಾಗುವ ಆಸೆ ಇನ್ನಿಲ್ಲ ಎಂದು ತಾನೇ ಒಪ್ಪಿಕೊಂಡಂತೆ ಅಂತ ಅವಳಿಗೆ ಅನ್ನಿಸಿತ್ತೇನೋ. ಇದು ನನಗೆ ಹೊಳೆಯಲು ಬಹಳ ವರ್ಷ ಬೇಕಾದವು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಾಯಿ ಸೊಟ್ಟಾಯಿತು. ಅಪ್ಪ ತೀರಿಕೊಂಡ ಮೇಲೆ ಅವಳಿದ್ದದ್ದು ಕಾಕಾ ಮತ್ತು ಚಿಗವ್ವನ ಜೊತೆ, ಕೂಡಿದ ಮನೆಯಲ್ಲಿ. ಚಿಗವ್ವನಿಗೆ ಮೊಣಕಾಲು ನೋವು, ಎತ್ತಿ ಕೂರಿಸಲಾಗದು. ಅಕ್ಕಂದಿರು ಸರದಿಯಂತೆ ಬಂದರು, ಒಬ್ಬೊಬ್ಬರೂ ತಮ್ಮ ಮನೆಗೆ ಕರೆದರು. ಅವ್ವ ತಲೆ ಅಲ್ಲಾಡಿಸಿಬಿಟ್ಟಳು. ಮಗಳ ಮನೆಯ ಅನ್ನ ಉಣ್ಣಬಾರದೆಂಬ ಹಳೆಯ ಹಟ. ಎರಡು ಓಣಿ ಆಚೆಯ ನನ್ನ ಮನೆಯಲ್ಲೂ ಅವಳು ಚಹಾ ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ತನ್ನ ಮನೆಯಲ್ಲಾದರೂ ಉಣ್ಣುತ್ತಿದ್ದಳೇ? ಸ್ಟೀಲ್ ಚಮಚ ಹಲ್ಲಿಗೆ ಬಡಿದು ಗಂಜಿಯೆಲ್ಲ ಗದ್ದಕ್ಕೆ ಇಳಿಯುತ್ತಿತ್ತು. ಎರಡು ಸಲ ಆದ ಮೇಲೆ ಬಾಯಿ ಮುಚ್ಚಿಬಿಡುವಳು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಾನು ಹೆದರಿದೆ. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ.

ಆ ಮಧ್ಯಾಹ್ನ ಯಾರನ್ನೂ ಕೇಳದೆ ಟ್ರಂಕು ತೆರೆದೆ. ಖಣ ಬಿಚ್ಚಿ ಚಮಚ ತೊಳೆದು, ಮಜ್ಜಿಗೆ ಹಾಕಿ ಕಿವುಚಿದ ನುಚ್ಚು ತುಂಬಿಕೊಂಡು ಅವ್ವನ ಮುಂದೆ ಕೂತೆ. ಅವಳು ಚಮಚ ನೋಡಿದಳು, ನನ್ನನ್ನು ನೋಡಿದಳು, ತುಟಿ ಬಿಗಿದಳು.

"ಬೈಯೂದಿದ್ರ ಉಂಡ ಬೈ," ಎಂದೆ.

ಸ್ವಲ್ಪ ಹೊತ್ತಿಗೆ ಬಾಯಿ ತೆರೆಯಿತು. ಚಮಚದ ಅಂಚು ಸವೆದು ನುಣ್ಣಗಾಗಿತ್ತು, ನೆಟ್ಟಗಿದ್ದ ತುಟಿಯ ಕಡೆಯಿಂದ ಹಿತವಾಗಿ ಒಳಗೆ ಹೋಯಿತು. ಒಂದು ಹನಿಯೂ ಸೋರಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಉಂಡಳು. ನಾನು ಬಾಯಿ ಒರೆಸುತ್ತಿದ್ದಾಗ ಎಡಗೈಯಿಂದ ನನ್ನ ಮುಂಗೈ ಹಿಡಿದಳು. ಮಾತು ತೊದಲುತ್ತಿತ್ತು, ಆದರೆ ತಿಳಿಯಿತು.

"ಇದನ್ನ ಒಯ್ಯಿ. ನನ್ನೂ ಒಯ್ಯಿ."

ಮರುದಿನ ಬೆಳಿಗ್ಗೆ ಆಟೋ ಬಂತು. ಆಟೋ ಓಡಿಸುವ ನಮ್ಮ ಓಣಿಯ ಚಾಚಾ ಮತ್ತು ನನ್ನ ಗಂಡ ಸೇರಿ ಅವ್ವನನ್ನು ಎತ್ತಿ ಎರಡು ದಿಂಬಿನ ನಡುವೆ ಕೂರಿಸಿದರು. ನಾನೂ ಹೊರಟೆ. ಚಿಗವ್ವ ಕುಂಟುತ್ತ ಬಂದು ನನ್ನನ್ನು ಹೊಸ್ತಿಲ ಒಳಗೇ ತಡೆದಳು, ಸೆರಗು ಒಡ್ಡು ಎಂದಳು. ನನಗೆ ಐವತ್ತಾರು ವರ್ಷ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹೊಸ ಖಣ, ಎಲ್ಲಕ್ಕೂ ಮೇಲೆ ಚಮಚ. ಮೂವರು ಅಕ್ಕಂದಿರಿಗೆ ಹೀಗೆ ಉಡಿ ತುಂಬುವಾಗ ನಾನು ತಟ್ಟೆ ಹಿಡಿದು ನಿಂತಿದ್ದವಳು. ಪ್ರತಿ ಬಾಣಂತಿಯನ್ನೂ ಕಳಿಸುವಾಗ ಹೇಳುವುದನ್ನೇ ಚಿಗವ್ವ, ನಗದೆ, ನನಗೂ ಹೇಳಿದಳು.

"ಹಾದ್ಯಾಗ ಗಾಳಿ ಬಡಿಸಬ್ಯಾಡ. ಕಿವಿಗೆ ಅರಿವಿ ಕಟ್ಟು."

ನಾನು ಆಟೋದಲ್ಲಿ ಕೂತು ಅವ್ವನ ಕಿವಿಗೆ ನನ್ನ ಸ್ಕಾರ್ಫ್ ಕಟ್ಟಿದೆ. ಗದ್ದದ ಕೆಳಗೆ ಗಂಟು ಹಾಕುವವರೆಗೂ ಅವಳು ಸುಮ್ಮನೆ ಮುಖ ಒಡ್ಡಿ ಕೂತಿದ್ದಳು. ಎರಡು ಓಣಿ ದಾಟುವಷ್ಟು ದಾರಿ, ನಾನು ಉದ್ದಕ್ಕೂ ಅತ್ತೆ.