ಡಾರ್ಲಾ ಅವರ ಜಗಲಿಗೆ ಬರುವ ಬಂದೂಕುಗಳು

ಹಳ್ಳದ ಮೇಲಿನ ಮಂಜು ಇನ್ನೂ ಎದ್ದಿಲ್ಲ. ದೀಪ ಹಾಕಿ ಜಗಲಿಗೆ ಬಂದ ಡಾರ್ಲಾ ಸ್ಟಿಲ್ಟ್‌ನರ್ ಹೊಸ್ತಿಲಲ್ಲೇ ನಿಲ್ಲುತ್ತಾರೆ. ತೂಗುಕುರ್ಚಿಗೆ ಒರಗಿಸಿದ ಬಂದೂಕು, ಹಳೆಯ ಕಂಬಳಿ ಹೊದ್ದು ನಿಂತಿದೆ. ಪಕ್ಕದಲ್ಲಿ ಒಂದು ಸೀಸೆ ಸೇಬಿನ ಮುರಬ್ಬ. ಅವರು ಎರಡನ್ನೂ ಮುಟ್ಟುವುದಿಲ್ಲ. ಕಂಬಳಿ ನೋಡಿಯೇ ಯಾರದೆಂದು ಗುರುತಿಸಿ ಅವನಿಗೆ ಫೋನು ಮಾಡಿ, ಕಾಫಿ ಹಿಡಿದು ಬಂದೂಕಿನ ಪಕ್ಕ ಕಾವಲು ಕೂರುತ್ತಾರೆ.

ಕಣಿವೆಯ ಮೇಲ್ತುದಿಯಿಂದ ಡೆಲ್ಮರ್ ಕ್ರೌಚ್ ಗೊಣಗುತ್ತಲೇ ಬರುತ್ತಾನೆ. "ಬಂದೂಕಿನ ಕುದುರೆ ಕಚ್ಕೊಳ್ತಿದೆ ಕಣೆ, ಎಳೆದ್ರೆ ಬರಲ್ಲ. ಜಿಂಕೆ ಬೇಟೆ ಹತ್ರ ಬಂತು. ನಿಮ್ಮಪ್ಪ ಯಾವತ್ತಾದ್ರೂ ನನ್ನ ವಾಪಸ್ ಕಳಿಸಿದ್ನಾ?"

"ಲೈಸೆನ್ಸ್ ಬರೋವರೆಗೂ ಮುಟ್ಟಲ್ಲ ಡೆಲ್ಮರ್. ಬಂದೂಕು ತಗೊಂಡ್ಹೋಗು, ಮುರಬ್ಬ ಇರ್ಲಿ."

ವೆಸ್ಟ್ ವರ್ಜೀನಿಯಾದ ಈ ಬೆಟ್ಟಗಳಲ್ಲಿ ನೆರೆಮನೆಗೆ ಮೊಟ್ಟೆ ಇಟ್ಟುಹೋದಂತೆ ಕೆಟ್ಟ ಬಂದೂಕನ್ನೂ ರಿಪೇರಿಯವರ ಜಗಲಿಯಲ್ಲಿ ಇಟ್ಟುಹೋಗುವುದು ರೂಢಿ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಂದೂಕು ಮಾರುತ್ತ, ರಿಪೇರಿ ಮಾಡುತ್ತ ಇದ್ದವರು ಡಾರ್ಲಾ ಅವರ ಅಪ್ಪ ವರ್ಜಿಲ್. ಅವರ ನಂತರ ಡಾರ್ಲಾ. ಮಾಲೀಕ ತೀರಿಕೊಂಡು ಅಂಗಡಿ ಮುಚ್ಚಿತು. ಈಗ ಬಂದೂಕು ಬೇಕೆಂದರೆ ಬೆಟ್ಟ ದಾಟಿ ದೊಡ್ಡ ಅಂಗಡಿಗೆ ಹೋಗಬೇಕು. ಅಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ.

ಅದಕ್ಕೇ ಡಾರ್ಲಾ ಉಪ್ಪಿನಕಾಯಿ ಕೋಣೆಯನ್ನು ಖಾಲಿ ಮಾಡಿ, ಮನೆಯಿಂದಲೇ ಬಂದೂಕು ಮಾರಲು, ರಿಪೇರಿ ಮಾಡಲು ಲೈಸೆನ್ಸಿಗೆ ಅರ್ಜಿ ಹಾಕಿದ್ದಾರೆ. ಬೆರಳಚ್ಚು ಕೊಟ್ಟಾಯಿತು, ಶೆರಿಫರಿಗೆ ತಿಳಿಸಿದ್ದೂ ಆಯಿತು.

ಮನೆಯಲ್ಲೇ ಮಾರಬೇಕೆಂಬ ಈ ಹಟಕ್ಕೆ ಕಾರಣ ಹಳೆಯದು. ಹೆಂಡತಿಯನ್ನು ಮಣ್ಣು ಮಾಡಿ ಬಂದ ನೆರೆಯ ಕ್ಲೈಡ್ ಒಮ್ಮೆ ವರ್ಜಿಲರ ಬಳಿ ಬಂದೂಕು ಕೊಂಡ. ಕಾಗದಪತ್ರವೆಲ್ಲ ಸರಿಯಿತ್ತು. ಆ ಸಂಜೆ ಅದನ್ನು ಹಿಡಿದು ಕೊಟ್ಟಿಗೆಗೆ ಹೋದವನು ತಿರುಗಿ ಬರಲಿಲ್ಲ.

"ಅವ್ನು ಚೌಕಾಸಿ ಮಾಡ್ಲಿಲ್ಲ," ಎನ್ನುತ್ತಾರೆ ಡಾರ್ಲಾ. "ನಮ್ಮೋರು ಬಂದೂಕು ಕೊಳ್ಳೋಕೆ ಬಂದ್ರೆ ಅರ್ಧ ದಿನ ತಲೆ ತಿಂತಾರೆ. ನಾಯಿ ಕಥೆ, ಮಂಡಿನೋವು, ಎಲ್ಲಾ ಹೇಳಿ ಆಮೇಲೆ ಬೆಲೆ ಜಗ್ತಾರೆ. ಕ್ಲೈಡ್ ಕೇಳಿದಷ್ಟು ಕೊಟ್ಟು ಹೋದ. ಅಪ್ಪ ಸಾಯೋವರೆಗೂ ಅದನ್ನೇ ಹೇಳ್ತಿದ್ದ."

ಕಳೆದ ವಾರ ಸರ್ಕಾರದ ತನಿಖಾಧಿಕಾರಿ, ಒಬ್ಬ ಯುವತಿ, ಮನೆ ನೋಡಲು ಬಂದರು. ಅವತ್ತೂ ಜಗಲಿಯಲ್ಲಿ ಯಾರದೋ ಬಂದೂಕು ನಿಂತಿತ್ತು.

"ಇದು ಯಾರ್ದು ಮೇಡಂ?"

"ಗೊತ್ತಿಲ್ಲ. ಇಟ್ಟೋರು ಬರ್ತಾರೆ ಅಂತ ಕಾಯ್ತಿದೀನಿ."

"ನಾನು ಇದನ್ನ ಬರ್ಕೊಳ್ಳಲೇಬೇಕಾಗುತ್ತೆ. ನನ್ನ ಕಾರು ದೂರದಿಂದ್ಲೇ ಕಂಡಿರ್ಬೇಕಲ್ಲ, ಒಳಗೆ ಇಟ್ಬಿಡಬಹುದಿತ್ತು."

"ಇಡೋಕೆ ಮುಟ್ಬೇಕಲ್ಲಮ್ಮ."

ಆಕೆ ಬರೆದುಕೊಂಡು ಹೋದರು. ಉತ್ತರ ಇನ್ನೂ ಬಂದಿಲ್ಲ. ಆ ಒಂದು ಬಂದೂಕಿನಿಂದಲೇ ಅರ್ಜಿ ನಿಂತೀತೆಂಬ ಅಳುಕು ಡಾರ್ಲಾ ಅವರಿಗಿದೆ. ಕಂಬಕ್ಕೆ ಹಲಗೆ ಹೊಡೆದಿದ್ದಾರೆ: ಇಟ್ಟು ಹೋಗಬೇಡಿ, ಬಾಗಿಲು ತಟ್ಟಿ. ಡೆಲ್ಮರ್ ಅದನ್ನು ಓದಿಯೂ ಇಟ್ಟುಹೋದವನು.

ಕೋಣೆ ಸಿದ್ಧವಿದೆ. ಗೋಡೆಗೆ ಬಿಗಿದ ಕಬ್ಬಿಣದ ಬೀರು, ಇನ್ನೂ ಖಾಲಿ. ಅಪ್ಪನ ಕಾಲದ ಕೆಲಸದ ಮೇಜು. ಗಿರಾಕಿ ನಿಲ್ಲುವ ಕಡೆ ಒಲೆ, ಕಾಫಿ ಪಾತ್ರೆ, ಮೆತ್ತೆ ಹಾಕಿದ ಎರಡು ಕುರ್ಚಿ. ಇಷ್ಟು ಚಿಕ್ಕ ಜಾಗದಲ್ಲಿ ಕುರ್ಚಿಗಳೇಕೆ ಎಂದು ಕೇಳಿದರೆ ಡಾರ್ಲಾ ಮೆತ್ತೆಯ ಮೇಲಿನ ಧೂಳು ಕೊಡವುತ್ತಾರೆ.

"ಲೈಸೆನ್ಸ್ ಬಂದ್ರೆ, ಚೌಕಾಸಿ ಮಾಡ್ದೆ ಸುಮ್ನೆ ದುಡ್ಡು ಎಣಿಸೋವ್ನ ಇಲ್ಲಿ ಕೂರಿಸಿ ಮಾತಾಡಿಸ್ಬೇಕು. ಅಪ್ಪ ಕೆಲ್ಸ ಮಾಡ್ತಿದ್ದ ಅಂಗಡೀಲಿ ಗಿರಾಕಿಗೆ ಕುರ್ಚಿ ಇರ್ಲಿಲ್ಲ."