ಅಕ್ಕ ಕೊಟ್ಟ ಉತ್ತರ

ಮೊನ್ನೆ ಗೊರವನಹಳ್ಳಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಮಜ್ಜಿಗೆ ಹಂಚುತ್ತಿದ್ದರು. ಶುಂಠಿ, ಕರಿಬೇವಿನ ವಾಸನೆ. ಲೋಟ ಇಸ್ಕೊಂಡೆ, ಕುಡಿಯಲಾಗಲಿಲ್ಲ... ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು ನೆನಪಾದರು.

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದವರು. ಜನ ಯಾಕೆ ದಾನ ಮಾಡುತ್ತಾರೆ, ಸರ್ಕಾರದ ಪಿಂಚಣಿ ಬಂದ ಮೇಲೆ ವಯಸ್ಸಾದವರಿಗೆ ನೆರೆಹೊರೆಯವರು ಕೊಡುವುದು ನಿಲ್ಲುತ್ತದೆಯೇ, ದುಡಿಮೆ ಬಿಟ್ಟವರು ದಿನ ಹೇಗೆ ಕಳೆಯುತ್ತಾರೆ, ಇದೇ ಅವರ ಸಂಶೋಧನೆ. ರಜೆ ಬಂದರೆ ಶಿರಾ, ಕೊರಟಗೆರೆ, ಪಾವಗಡದ ಹಳ್ಳಿ ಸುತ್ತುತ್ತಿದ್ದರು. ನನ್ನ ತವರು ಪಾವಗಡದ ಕಡೆ. ಅಲ್ಲಿ ಮಾತು ಹೆಚ್ಚಾಗಿ ತೆಲುಗು; ನನಗದು ಬರುತ್ತದೆಂದು ಆ ಕಡೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಬೇಸಿಗೆಯಲ್ಲಿ ಅಕ್ಕ ಗೇಟಿನ ಬಳಿ ಮಡಕೆ ಇಟ್ಟುಕೊಂಡು ದಾರೀಲಿ ಹೋಗುವವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ಒಂದು ದಿನ ಮೇಷ್ಟ್ರು ನಗುತ್ತಾ, ಹಳ್ಳಿಯವರನ್ನು ಕೇಳುವ ಹಾಗೆಯೇ ಅಕ್ಕನನ್ನೂ ಕೇಳಿದರು.

“ನೀನ್ಯಾಕೆ ಕೊಡ್ತೀಯ? ಪುಣ್ಯ ಬರ್ಲಿ ಅಂತಾನಾ?”

“ಕುಡಿಯೋವರೆಗಾದ್ರೂ ನಿಂತ್ಕೊಂಡು ಎರಡು ಮಾತಾಡ್ತಾರಲ್ರೀ,” ಅಂದರು ಅಕ್ಕ.

“ಒಳ್ಳೆ ಉತ್ತರ ಕಣೇ!” ಎಂದು ಮೆಚ್ಚಿಕೊಂಡು ಮೇಷ್ಟ್ರು ಕಾಲೇಜಿಗೆ ಹೊರಟರು.

ಅಕ್ಕನ ಊರು ಮದಲೂರು. ಮೇಷ್ಟ್ರು ನಿವೃತ್ತಿಯಾದ ಮೇಲೆ ಇಬ್ಬರೂ ಅಲ್ಲಿ ನಾಲ್ಕು ದಿನ ಇದ್ದು, ಸಂಜೆ ಕೆರೆ ಏರಿ ಮೇಲೆ ಅಡ್ಡಾಡಬೇಕೆಂದು ಅಕ್ಕನಿಗೆ ಆಸೆ. ನಿವೃತ್ತಿಯೂ ಆಯಿತು, ಆ ವರ್ಷ ಕೆರೆಯೂ ತುಂಬಿತು. “ಇನ್ನೊಂಚೂರು ಸರ್ವೆ ಉಳ್ಕೊಂಡೈತೆ, ಮುಗಿಸ್ಬುಟ್ಟು ಹೋಗಾಣ,” ಅಂದರು ಮೇಷ್ಟ್ರು. ಅಕ್ಕ ದಾರಿಗೆಂದು ನಮ್ಮಿಬ್ಬರಿಗೂ ಚಿತ್ರಾನ್ನ ಕಟ್ಟಿಕೊಟ್ಟರು.

ಪಾವಗಡದ ಹಳ್ಳಿಯೊಂದರ ಜಗಲಿಯಲ್ಲಿ, ಕೂಲಿ ಬಿಟ್ಟಿದ್ದ ಅಜ್ಜನೊಬ್ಬನನ್ನು ‘ಈಗ ಹೊತ್ತು ಹೆಂಗೆ ಹೋಗುತ್ತೆ’ ಎಂದು ನಾನು ತೆಲುಗಿನಲ್ಲಿ ಕೇಳುತ್ತಿದ್ದೆ. ಮೇಷ್ಟ್ರಿಗೆ ಫೋನು ಬಂತು. ಅಕ್ಕ ಗೇಟಿನ ಹತ್ತಿರವೇ ಕುಸಿದುಬಿದ್ದಿದ್ದರು. ಹೃದಯಾಘಾತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿ ಕಳೆದ ಮೇಲೆ ಅವರು ಸಂಶೋಧನೆಯ ಕಡೆ ತಿರುಗಿಯೂ ನೋಡಲಿಲ್ಲ. ಗೇಟಿನ ಬಳಿ ತಾವೇ ಮಜ್ಜಿಗೆ ಇಟ್ಟುಕೊಂಡು ಕೂರತೊಡಗಿದರು. ಉಪ್ಪು ಜಾಸ್ತಿಯಾಗುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಂಪೌಂಡಿನ ಆಚೆಯಿಂದ ನನ್ನನ್ನೂ ಕೂಗಿ ಕರೆದು ಲೋಟ ಕೊಟ್ಟರು.

“ಅವತ್ತು ಯಾಕೆ ಕೊಡ್ತೀಯ ಅಂದ್ರೆ ಅವಳು ದಾನದ ವಿಚಾರ ಹೇಳ್ಲಿಲ್ಲ ಕಣಮ್ಮ. ನನ್ನ ವಿಚಾರ ಹೇಳಿದ್ಲು... ನಂಗೆ ಕೇಳಿಸ್ಲೇ ಇಲ್ಲ.”

ನಾನು ಕುಡಿದು ಮುಗಿದರೂ ಎದ್ದು ಬರದೆ ಅಲ್ಲೇ ಕೂತಿದ್ದೆ.

ವರ್ಷ ತುಂಬುವ ಮೊದಲೇ ಮೇಷ್ಟ್ರೂ ತೀರಿಕೊಂಡರು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯವರು. ಆದರೂ ಕಾಂಪೌಂಡಿನ ಆಚೆಯಿಂದ ಯಾರಾದರೂ ಕೂಗಿದರೆ, ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಓಡಿ ಬರುತ್ತೇನೆ. ಬಂದು, ನೋಡಿ, ಸುಮ್ಮನೆ ಒಳಗೆ ಹೋಗುತ್ತೇನೆ.